ಸಭೆಯಲ್ಲೇ ನಿದ್ದೆ ಹೋಗುತ್ತಿದ್ದ ಅಧ್ಯಕ್ಷ: ಟಾಫ್ಟ್ ಸೋಮಾರಿಯಾಗಿದ್ದರೇ?

ಅಮೆರಿಕದ ಅಧ್ಯಕ್ಷರೊಬ್ಬರು ಬಾತ್‌ಟಬ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ, ಅವರನ್ನು ಎತ್ತಲು ಹಲವರು ಬೇಕಾಯಿತಂತೆ! ಈ ಕಥೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಅಧ್ಯಕ್ಷರ ಹೆಸರು ವಿಲಿಯಂ ಹೋವರ್ಡ್ ಟಾಫ್ಟ್. ಅವರಿಗಾಗಿ ದೊಡ್ಡ ಟಬ್ ಮಾಡಿಸಿದ್ದು ನಿಜ. ಸಿಕ್ಕಿಹಾಕಿಕೊಂಡದ್ದಕ್ಕೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಈ ನಗೆಯ ನಡುವೆ ಅವರ ನಿಜವಾದ ಕಷ್ಟವನ್ನು ನಾವು ಮರೆತಿದ್ದೇವೆ.

ಟಾಫ್ಟ್ ಹುಟ್ಟಿದ್ದು 1857ರಲ್ಲಿ, ಸಿನ್ಸಿನಾಟಿಯಲ್ಲಿ. ನ್ಯಾಯಾಧೀಶರಾದರು, ಫಿಲಿಪೀನ್ಸ್‌ನ ಗವರ್ನರ್ ಆದರು, ಯುದ್ಧ ಖಾತೆಯ ಸಚಿವರಾದರು. 1909ರಲ್ಲಿ ಅಧ್ಯಕ್ಷ ಪದವಿಗೇರಿದರು. ಆಗ ಅವರ ತೂಕ 150 ಕೆಜಿ ದಾಟಿತ್ತು. ರಾತ್ರಿ ಜೋರು ಗೊರಕೆ. ಹಗಲಲ್ಲಿ ಮಾತಾಡುತ್ತಿರುವಾಗಲೇ ನಿದ್ದೆ. ಚರ್ಚಿನಲ್ಲಿ, ಸಭೆಯಲ್ಲಿ, ಶವಸಂಸ್ಕಾರದಲ್ಲೂ ತೂಕಡಿಸುತ್ತಿದ್ದರು. ರಕ್ತದೊತ್ತಡವೂ ಹೆಚ್ಚಿತ್ತು. ನೋಡಿದವರು ನಕ್ಕರು.

ಅದು ಬಹುಶಃ ಸ್ಲೀಪ್ ಅಪ್ನಿಯಾ ಎಂದು 2003ರಲ್ಲಿ ವೈದ್ಯ ಜಾನ್ ಸೋಟೋಸ್ ಹಳೆಯ ದಾಖಲೆಗಳನ್ನು ನೋಡಿ ವಿವರಿಸಿದರು. ಈ ತೊಂದರೆಯಲ್ಲಿ, ನಿದ್ದೆ ಬಂದ ಮೇಲೆ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಒಂದೇ ರಾತ್ರಿಯಲ್ಲಿ ಇದು ನೂರಾರು ಸಲ ಆಗಬಹುದು, ಬೆಳಗ್ಗೆ ನೆನಪೇ ಇರುವುದಿಲ್ಲ. ಹಾಗಾಗಿ ಗೊರಕೆ ಎಂದರೆ ಗಾಢ ನಿದ್ದೆ ಎಂಬ ನಂಬಿಕೆ ತಪ್ಪು. ಇದು ದಪ್ಪಗಿದ್ದವರಿಗೆ ಮಾತ್ರ ಬರುವ ಕಾಯಿಲೆಯೂ ಅಲ್ಲ.

ಟಾಫ್ಟ್ ಸುಮ್ಮನೆ ಕೂರಲಿಲ್ಲ. 1905ರಲ್ಲೇ ಲಂಡನ್ನಿನ ವೈದ್ಯ ಯಾರ್ಕ್-ಡೇವಿಸ್ ಅವರಿಗೆ ಪತ್ರ ಬರೆದು ಪಥ್ಯ ಶುರು ಮಾಡಿದರು. ತೂಕ ನೋಡಿಕೊಂಡು ವಾರವಾರ ವರದಿ ಕಳಿಸಬೇಕಿತ್ತು. ಕೆಲವೇ ತಿಂಗಳಲ್ಲಿ ಸುಮಾರು 27 ಕೆಜಿ ಇಳಿದರು. ಆಮೇಲೆ ಪಥ್ಯ ಸಡಿಲವಾಯಿತು. ಅಧ್ಯಕ್ಷರಾಗುವ ಹೊತ್ತಿಗೆ ಇಳಿದದ್ದೆಲ್ಲ ಮರಳಿ ಬಂದಿತ್ತು.

1913ರಲ್ಲಿ ಅಧಿಕಾರ ಬಿಟ್ಟ ಮೇಲೆ ಮತ್ತೆ ಪ್ರಯತ್ನಿಸಿದರು. ಒಂದೇ ವರ್ಷದಲ್ಲಿ 27 ಕೆಜಿಗೂ ಹೆಚ್ಚು ಇಳಿಸಿದರು, ಈ ಸಲ ಅದನ್ನು ಉಳಿಸಿಕೊಂಡರು. ಹಗಲು ನಿದ್ದೆ ಮಾಯವಾಯಿತು. 1921ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಅಮೆರಿಕದಲ್ಲಿ ಈ ಎರಡೂ ಹುದ್ದೆ ಕಂಡವರು ಅವರೊಬ್ಬರೇ. ಹೃದಯದ ಕಾಯಿಲೆಯಿಂದ ಬಳಲಿ, 1930ರ ಮಾರ್ಚ್ 8ರಂದು ತೀರಿಕೊಂಡರು.

ಈ ಕಾಯಿಲೆಯನ್ನು ವಿಜ್ಞಾನಿಗಳು ಸ್ಪಷ್ಟವಾಗಿ ಗುರುತಿಸಿದ್ದು 1965ರಲ್ಲಿ. ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಚಿಕಿತ್ಸೆಯನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಪ್ರಕಟಿಸಿದರು. ಟಾಫ್ಟ್ ಕಾಲದಲ್ಲಿ ಯಂತ್ರವೇ ಇರಲಿಲ್ಲ. ಇಂದು ಯಂತ್ರವಿದೆ, ಆದರೆ ತಂದ ಕೆಲವೇ ವಾರಗಳಲ್ಲಿ ಎಷ್ಟೋ ಮಂದಿ ಅದನ್ನು ಮೂಲೆಗಿಡುತ್ತಾರೆ. ಕನ್ನಡಕ ತೆಗೆದರೆ ಕಣ್ಣು ಮತ್ತೆ ಮಂಜಾಗುವಂತೆ, ಮಾಸ್ಕ್ ತೆಗೆದಿಟ್ಟರೆ ತೊಂದರೆ ಮರಳುತ್ತದೆ. ತೂಕ ಇಳಿದರೂ ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ, ಅದಕ್ಕೇ ವೈದ್ಯರನ್ನು ಕೇಳದೆ ಬಿಡಬೇಡಿ.

ಬಿಡುವ ಮುನ್ನ ಇಷ್ಟು ಮಾಡಿ ನೋಡಿ:

• ಮಾಸ್ಕ್ ಒತ್ತುತ್ತಿದೆಯೇ, ಗಾಳಿ ಸೋರುತ್ತಿದೆಯೇ? ಬೇರೆ ಅಳತೆಯದ್ದು, ಬೇರೆ ಬಗೆಯದ್ದು ಕೇಳಿ.
• ಬಾಯಿ, ಮೂಗು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಬಗ್ಗೆ ವಿಚಾರಿಸಿ.
• ಹಾಕಿದ ಕೂಡಲೇ ಉಸಿರುಗಟ್ಟಿದಂತೆ ಅನಿಸಿದರೆ, ಹಗಲಲ್ಲಿ ಟಿವಿ ನೋಡುತ್ತಾ ಸ್ವಲ್ಪ ಹೊತ್ತು ಹಾಕಿ ಅಭ್ಯಾಸ ಮಾಡಿ.
• ಗಾಳಿಯ ಒತ್ತಡ ಹೆಚ್ಚೆನಿಸಿದರೆ ವೈದ್ಯರಿಗೆ ಹೇಳಿ. ನೀವಾಗಿಯೇ ಬದಲಿಸಬೇಡಿ.
• ಮಧ್ಯಾಹ್ನದ ನಿದ್ದೆಗೂ ಮಾಸ್ಕ್ ಹಾಕಿಕೊಳ್ಳಿ.

ಮನೆಯವರಿಗೊಂದು ಮಾತು. ಮಾಸ್ಕ್ ಹಾಕಿದವರನ್ನು ನೋಡಿ ನಗಬೇಡಿ. ರಾತ್ರಿ ಹೇಗಿತ್ತು, ಎಷ್ಟು ಹೊತ್ತು ಹಾಕಿಕೊಂಡಿರಿ ಎಂದು ದಿನಾ ಬೆಳಗ್ಗೆ ಕೇಳಿ. ಟಾಫ್ಟ್ ತಮ್ಮ ವರದಿಯನ್ನು ಲಂಡನ್ನಿಗೆ ಅಂಚೆಯಲ್ಲಿ ಕಳಿಸಬೇಕಿತ್ತು. ನಿಮ್ಮವರು ಪಕ್ಕದಲ್ಲೇ ಇದ್ದಾರೆ.

ಬಾತ್‌ಟಬ್ ಕಥೆ ಮತ್ತೆ ಬಂದರೆ, ಅದರ ಬದಲು ಇದನ್ನು ಫಾರ್ವರ್ಡ್ ಮಾಡಿ.