ಡೆಪ್ಯುಟಿ ಚನ್ನಬಸಪ್ಪನವರು

ಮಠವೆಂಬ ಶಬ್ದಕ್ಕೆ ನಮ್ಮ ನಾಡಿನಲ್ಲಿ ಹಿಂದೆ ಎರಡು ಅರ್ಥಗಳು ರೂಢಿಯಲ್ಲಿದ್ದುವು. ಗುರುಗಳು ಶಿವಪೂಜಾನಿಷ್ಠರಾಗಿ ನೆಲಸಿ, ಬಂದ ಭಕ್ತರಿಗೆ ಅನ್ನವನ್ನೂ ಬೋಧೆಯನ್ನೂ ನೀಡುವ ಸ್ಥಾನವು ಒಂದು; ಊರ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುವ ಸ್ಥಾನವು ಮತ್ತೊಂದು. ಅನೇಕ ಗ್ರಾಮಗಳಲ್ಲಿ ಇವೆರಡೂ ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದುವು. ಮೈಸೂರು ಸೀಮೆಯ ಹಿರಿಯರು ಕೂಲಿಮಠದ ಅಯ್ಯನವರ ಬೆತ್ತವನ್ನು ಕೊನೆಯವರೆಗೂ ಮರೆಯದೆ, ನಗುತ್ತಲೇ ಸ್ಮರಿಸಿಕೊಳ್ಳುತ್ತಿದ್ದರು. ಈ ಎರಡನೆಯ ಅರ್ಥದ ಮಠಕ್ಕಾಗಿ ತಮ್ಮ ಆಯುಷ್ಯವನ್ನೇ ಸವೆಯಿಸಿದವರಲ್ಲಿ ಧಾರವಾಡದ ಚನ್ನಬಸಪ್ಪನವರು ಅಗ್ರಗಣ್ಯರು. ಇವರು ಕಾವಿಯನ್ನು ಧರಿಸಿದವರಲ್ಲ. ಸರ್ಕಾರದ ಸಂಬಳವನ್ನು ಪಡೆದು ನೌಕರಿಯನ್ನು ಮಾಡಿದವರು. ಆದರೂ ಕಾಯಕವೆಂದರೆ ಏನೆಂಬುದನ್ನು ತಿಳಿಯಬಯಸುವ ಶಿಷ್ಯರಿಗೆ ಇವರ ನೌಕರಿಯ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳವೆಂದೇ ಹೇಳಬೇಕು.

ಚನ್ನಬಸಪ್ಪನವರು 1833ನೆಯ ಇಸವಿಯ ನವೆಂಬರ್ 5ರಂದು ಧಾರವಾಡದ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಅವರು ಹುಟ್ಟಿದ ಕಾಲದಲ್ಲಿ ಆ ಪ್ರಾಂತದ ಸ್ಥಿತಿಯು ಹೇಗಿದ್ದಿತೆಂಬುದನ್ನು ದಕ್ಷಿಣದ ವಾಚಕರಿಗೆ ಕೊಂಚ ವಿಸ್ತಾರವಾಗಿಯೇ ತಿಳಿಸಬೇಕಾಗಿದೆ. ಲಕ್ಷ್ಮಣತೀರ್ಥದ ದಡದ ಕಟ್ಟೆಮಳಲವಾಡಿಯಲ್ಲಿಯೋ ಹುಣಸೂರಿನಲ್ಲಿಯೋ ಮಗುವೊಂದು ಅಕ್ಷರಾಭ್ಯಾಸಕ್ಕೆ ಕುಳಿತರೆ, ಅದು ತಿದ್ದುವ ಅಕ್ಷರವು ಕನ್ನಡವಾಗಿರಬೇಕೆ ಬೇಡವೆ ಎಂಬ ಸಂದೇಹವು ತಂದೆತಾಯಿಗಳಿಗೆ ಹುಟ್ಟುವ ಸಂಭವವಿರಲಿಲ್ಲ. ಮಾತೃಭಾಷೆಯೂ ಮಠದ ಭಾಷೆಯೂ ಅಲ್ಲಿ ಒಂದೇ. ಧಾರವಾಡ, ಬೆಳಗಾವಿ ಪ್ರಾಂತಗಳಲ್ಲಿ ಹಾಗಿರಲಿಲ್ಲ. ಪೇಶ್ವೆಯರ ಆಳ್ವಿಕೆಯು 1818ರಲ್ಲಿ ಮುಗಿದು ಆ ಸೀಮೆಯು ಕುಂಪಣಿ ಸರ್ಕಾರದ ವಶವಾಯಿತು. ಆಳುವವರು ಬದಲಾದರೇ ಹೊರತು ದಫ್ತರವು ಬದಲಾಗಲಿಲ್ಲ. ಕಚೇರಿಯ ಲೆಕ್ಕಪತ್ರಗಳು ಮರಾಠಿಯಲ್ಲಿಯೇ ಮುಂದುವರಿದುವು. ಮೋಡಿ ಲಿಪಿಯನ್ನು ಬಲ್ಲವನಿಗೆ ಚಾಕರಿ, ಬಾರದವನಿಗೆ ನೇಗಿಲು ಎಂಬಂತಾಗಿದ್ದಿತು. ಮನೆಯಲ್ಲಿ ಕನ್ನಡವನ್ನಾಡುವ, ಮಠದಲ್ಲಿ ಶರಣರ ವಚನಗಳನ್ನು ಕೇಳುವ ಗೃಹಸ್ಥರೇ ತಮ್ಮ ವ್ಯವಹಾರದ ಕಾಗದವನ್ನು ಬರೆಯಿಸುವಾಗ ಮರಾಠಿಯನ್ನು ಆಶ್ರಯಿಸುತ್ತಿದ್ದರು. ಸರ್ಕಾರವು ಶಾಲೆಗಳನ್ನು ತೆರೆಯಲಾರಂಭಿಸಿದಾಗ, ಕಚೇರಿಯ ಭಾಷೆಯೇ ಪಾಠದ ಭಾಷೆಯೂ ಆಗಿ ಅನೇಕ ಕಡೆಗಳಲ್ಲಿ ಬೇರುಬಿಟ್ಟಿತು. ತನ್ನ ತಾಯಿ ಆಡದ ಮಾತಿನಲ್ಲಿ ಮೊದಲ ಪಾಠವನ್ನು ಕೇಳಿದ ಮಗುವು ಬಾಯಿಪಾಠವನ್ನು ಒಪ್ಪಿಸುತ್ತಿದ್ದಿತು, ಅರ್ಥವನ್ನು ತಿಳಿಯುತ್ತಿರಲಿಲ್ಲ.

ಧಾರವಾಡದಲ್ಲಿ 1848ರಲ್ಲಿ ಇಂಗ್ಲೀಷು ಶಾಲೆಯು ಸ್ಥಾಪಿತವಾದಾಗ ಚನ್ನಬಸಪ್ಪನವರಿಗೆ ಹದಿನೈದು ವರ್ಷ. ಹೆಚ್ಚಿನ ವಿದ್ಯೆಯನ್ನು ಬಯಸಿದವರು ಅಂದು ಪುಣೆಗೇ ಹೋಗಬೇಕಾಗಿದ್ದಿತು, ಅವರೂ ಹೋದರು. ಈ ಪ್ರಯಾಣವನ್ನು ಇಂದಿನ ಪ್ರಯಾಣದಂತೆ ಭಾವಿಸಲಾಗದು. ಮುಂಬಯಿಯಿಂದ ಪುಣೆಗೆ ಉಗಿಬಂಡಿಯು ಬಂದುದೇ 1858ರಲ್ಲಿ. ಧಾರವಾಡಕ್ಕಂತೂ ಚನ್ನಬಸಪ್ಪನವರ ಜೀವಮಾನದಲ್ಲಿ ರೈಲು ಬರಲೇ ಇಲ್ಲ. ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ನಡುವೆ ಕೃಷ್ಣೆಯನ್ನು ದಾಟಬೇಕು, ಘಟ್ಟಗಳನ್ನು ಏರಬೇಕು. ಕನ್ನಡದ ಮನೆಗಳಿಂದ ಹಾಗೆ ಹೊರಟವರು ಕೆಲವರೇ. ಹೋದವರಲ್ಲಿ ಮರಾಠಿಯನ್ನೇ ತಮ್ಮ ವಿದ್ಯೆಯ ಭಾಷೆಯನ್ನಾಗಿ ಮಾಡಿಕೊಂಡು ಅದರಲ್ಲಿಯೇ ಬಾಳಿದವರೂ ಉಂಟು. ಚನ್ನಬಸಪ್ಪನವರು ಹಿಂದಿರುಗಿ ಬಂದು ಕನ್ನಡದ ಕೆಲಸವನ್ನು ಹಿಡಿದುದು ಆ ಕಾರಣದಿಂದ ಸಾಮಾನ್ಯವಾದ ಸಂಗತಿಯಲ್ಲ. ಮರಾಠಿಯ ವಿಷಯದಲ್ಲಿ ಅವರಿಗೆ ದ್ವೇಷವಿದ್ದಿತೆಂದು ಮಾತ್ರ ಯಾರೂ ತಿಳಿಯಬಾರದು. ಮರಾಠಿಯು ಮರಾಠಿಗರ ಮಕ್ಕಳಿಗೆ, ಕನ್ನಡವು ಕನ್ನಡಿಗರ ಮಕ್ಕಳಿಗೆ. ಇಷ್ಟೇ ಅವರ ಕಾರ್ಯದ ತಾತ್ಪರ್ಯ.

ಮುಂಬಯಿ ಇಲಾಖೆಯಲ್ಲಿ 1855ರಲ್ಲಿ ಸಾರ್ವಜನಿಕ ಶಿಕ್ಷಣದ ಖಾತೆಯು ಏರ್ಪಟ್ಟಿತು. ಶಾಲೆಗಳು ಹೆಚ್ಚಬೇಕೆಂದು ಆಜ್ಞೆಗಳು ಹೊರಟುವು. ಆದರೆ ಕಲಿಸುವವರೆಲ್ಲಿ? ಕಟ್ಟಡವನ್ನು ಊರವರು ಕೊಟ್ಟಾರು, ಹಲಗೆ ಬಳಪಗಳನ್ನು ತಂದಾರು. ಶಿಕ್ಷಕನನ್ನು ಮಾತ್ರ ತಯಾರು ಮಾಡಿಯೇ ತರಬೇಕು. ಈ ತಯಾರಿಕೆಗಾಗಿ ಏರ್ಪಟ್ಟುದೇ ನಾರ್ಮಲ್ ಶಾಲೆ. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕ ಪದವಿಯು 1861ರಲ್ಲಿ ಚನ್ನಬಸಪ್ಪನವರಿಗೆ ಬಂದಿತು. ಆಗ ಅವರಿನ್ನೂ ಇಪ್ಪತ್ತೆಂಟರ ಒಳಗಿನವರು.

ಹಳ್ಳಿಯ ಅಯ್ಯಗಳ ಮಠದಲ್ಲಿ ಪಾಠಕ್ರಮವೆಂಬುದು ಅಯ್ಯಗಳ ನೆನಪಿನಲ್ಲಿದ್ದಿತು. ಓನಾಮ, ಕಾಗುಣಿತ, ಮಗ್ಗಿ, ಒಂದೆರಡು ಶತಕಗಳು, ಅಮರಕೋಶದ ಕೆಲವು ಶ್ಲೋಕಗಳು. ಇಷ್ಟಾದರೆ ವಿದ್ಯೆಯು ಪೂರ್ಣ. ಅಯ್ಯಗಳು ಜ್ವರ ಬಂದು ಮಲಗಿದರೆ ಮಠವೂ ಮಲಗುತ್ತಿದ್ದಿತು. ಹೊಸ ಶಾಲೆಯು ಇಷ್ಟರಿಂದ ತೃಪ್ತಿಗೊಳ್ಳುವಂತಿರಲಿಲ್ಲ. ಭೂಗೋಳ, ಇತಿಹಾಸ, ವ್ಯಾಕರಣ, ಭಿನ್ನರಾಶಿಯ ಲೆಕ್ಕ ಇವೆಲ್ಲವನ್ನೂ ತರಗತಿಯ ಕ್ರಮದಿಂದ ಕಲಿಸಬೇಕು. ಅದನ್ನು ಕನ್ನಡದಲ್ಲಿ ಕಲಿಸಬೇಕು. ಹಾಗೆ ಕಲಿಸುವುದಕ್ಕೆ ಶಬ್ದಗಳೇ ಸಿದ್ಧವಾಗಿರಲಿಲ್ಲ. ಹಳ್ಳಿಗಳಿಂದ ಬಂದ ತರುಣರನ್ನು ಕೂರಿಸಿಕೊಂಡು, ಅವರಿಗೆ ವಿಷಯವನ್ನು ತಿಳಿಯಿಸಿ, ಆ ವಿಷಯವನ್ನು ಮಗುವಿಗೆ ಹೇಗೆ ತಿಳಿಯಿಸಬೇಕೆಂಬುದನ್ನೂ ತಿಳಿಯಿಸಿ ಕಳುಹಿಸುವುದು ಮುಖ್ಯಾಧ್ಯಾಪಕರ ಹೊಣೆ. ಒಬ್ಬ ವಿದ್ಯಾರ್ಥಿಯನ್ನು ಪಂಡಿತನನ್ನಾಗಿ ಮಾಡುವುದಕ್ಕಿಂತ ಇದು ಕಷ್ಟತರವಾದುದು. ಪಂಡಿತನ ತಪ್ಪು ಅವನೊಡನೆ ಹೋಗುತ್ತದೆ. ಶಿಕ್ಷಕನ ತಪ್ಪು ಒಂದು ಊರಿನ ಮಕ್ಕಳೆಲ್ಲರಿಗೂ ಹರಡುತ್ತದೆ. ಇಲ್ಲಿ ಸಿದ್ಧರಾದ ಶಿಕ್ಷಕರೇ ಮುಂದೆ ಕನ್ನಡ ಶಾಲೆಗಳ ಬಲವಾದರು. ಗುರುವಿಗೆ ಮಕ್ಕಳು ಎಷ್ಟು ಮಂದಿಯೆಂದು ಎಣಿಸುವಾಗ, ಅವನು ತಾನು ಕಾಣದ ಊರುಗಳ ಮಕ್ಕಳನ್ನೂ ಸೇರಿಸಿ ಎಣಿಸಬೇಕಾಗುತ್ತದೆಯಷ್ಟೆ.

ಅನಂತರ ಅವರು ಬೆಳಗಾವಿಯ ಕಡೆಗೆ ಶಿಕ್ಷಣ ಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ನಿಯುಕ್ತರಾದರು. ಈ ಹುದ್ದೆಯೇ ಅವರಿಗೆ ಹೆಸರಾಗಿ ನಿಂತಿತು. ಡೆಪ್ಯುಟಿಗಳು ಅಂದು ಮುಂಬಯಿ ಇಲಾಖೆಯ ಪ್ರತಿಯೊಂದು ಜಿಲ್ಲೆಯಲ್ಲಿಯೂ ಇದ್ದರು. ಆದರೆ ಕನ್ನಡ ನಾಡಿನಲ್ಲಿ ಡೆಪ್ಯುಟಿಯೆಂಬ ಪದವು ಬಿರುದಿನಂತೆ ಅಂಟಿಕೊಂಡು ಉಳಿದುದು ಚನ್ನಬಸಪ್ಪನವರ ಹೆಸರಿಗೆ. ಮನೆತನದ ಅಡ್ಡಹೆಸರನ್ನು ಜನರು ಮರೆತರು.

ಬೆಳಗಾವಿಯ ಕೆಲಸವೇ ಅವರ ಜೀವನದ ತಿರುಳು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಸ್ಥಳಿಕ ಕರವನ್ನು ಎತ್ತಿ, ಅದರಲ್ಲಿ ಮೂರನೆಯ ಒಂದು ಪಾಲನ್ನು ಶಿಕ್ಷಣಕ್ಕೆ ವಿನಿಯೋಗಿಸುವ ಪದ್ಧತಿಯು ಮುಂಬಯಿ ಇಲಾಖೆಯಲ್ಲಿ 1863ರಿಂದೀಚೆಗೆ ಪ್ರಚಾರಕ್ಕೆ ಬಂದಿದ್ದಿತು. ಹೀಗೆ ಶಾಲೆಯ ವೆಚ್ಚವನ್ನು ಕೊಡುತ್ತಿದ್ದವನು ರೈತನು. ಬೆಳಗಾವಿ ಜಿಲ್ಲೆಯ ಬಹುಭಾಗದಲ್ಲಿ ಆ ರೈತನು ಕನ್ನಡಿಗ. ಅವನು ತೆತ್ತ ಹಣದಿಂದ ನಡೆಯುವ ಶಾಲೆಯಲ್ಲಿ ಅವನ ಮಗನಿಗೆ ಅರ್ಥವಾಗದ ಭಾಷೆಯಲ್ಲಿ ಪಾಠ ನಡೆಯುವುದು ನ್ಯಾಯವಲ್ಲ. ಈ ಅನ್ಯಾಯವು ಕಣ್ಣಿಗೆ ಕಾಣಿಸುವಷ್ಟು ಸ್ಪಷ್ಟವಾಗಿದ್ದರೂ, ಅದಕ್ಕೆ ಒಗ್ಗಿಹೋದವರಿಗೆ ಅದು ಅನ್ಯಾಯವೆಂದೇ ತೋರುತ್ತಿರಲಿಲ್ಲ. ವಿರೋಧವು ಹೊರಗಿನಿಂದ ಮಾತ್ರ ಬರಲಿಲ್ಲ. ಕನ್ನಡವನ್ನು ಕಲಿತರೆ ಮಗನಿಗೆ ಕುಲಕರ್ಣಿಕೆಯೂ ದೊರೆಯದು, ಕಾರಕೂನಿಕೆಯೂ ದೊರೆಯದು ಎಂಬ ಭಯವು ಕನ್ನಡದ ಮನೆಗಳ ಒಳಗೇ ಇದ್ದಿತು. ಅದನ್ನು ಮೂಢತೆಯೆಂದು ತಳ್ಳಿಹಾಕಲಾಗದು. ಬಡವನು ಮಗನನ್ನು ಹೊಲದಿಂದ ಬಿಡಿಸಿ ಶಾಲೆಗೆ ಕಳುಹಿಸುವುದು ನಾಲ್ಕು ಕಾಸನ್ನು ಗಳಿಸಲೆಂದೇ ಅಲ್ಲವೆ?

ಚನ್ನಬಸಪ್ಪನವರು ಇದಕ್ಕೆ ಉತ್ತರವನ್ನು ಸಭೆಗಳಲ್ಲಿ ಮಾತಾಡಿ ಕೊಡಲಿಲ್ಲ. ಶಾಲೆಗಳನ್ನು ತೆರೆದು ಕೊಟ್ಟರು. ಕನ್ನಡಿಗರ ಊರುಗಳಲ್ಲಿ ಮರಾಠಿ ಶಾಲೆಗಳಿದ್ದ ಕಡೆ ಕನ್ನಡ ಶಾಲೆಗಳು ನೆಲೆಗೊಳ್ಳುವಂತೆ ಮಾಡಿದುದು ಅವರ ಪರಿಶ್ರಮ. ಡೆಪ್ಯುಟಿಯ ಉದ್ಯೋಗವೆಂದರೆ ವರ್ಷದ ಬಹುಕಾಲ ಸಂಚಾರ. ಊರಿಂದೂರಿಗೆ ಹೋಗಬೇಕು; ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಓದಿಸಬೇಕು; ಹಾಜರಿಯನ್ನೂ ಲೆಕ್ಕವನ್ನೂ ನೋಡಬೇಕು; ಊರ ಗೌಡರನ್ನೂ ಹಿರಿಯರನ್ನೂ ಚಾವಡಿಯಲ್ಲಿ ಕಂಡು ಒಪ್ಪಿಸಬೇಕು; ಮೇಲಿನವರಿಗೆ ವರದಿಯನ್ನು ಬರೆಯಬೇಕು. ಇದೇ ಅಧಿಕಾರವನ್ನು ಹಿಡಿದು ಶಿಕ್ಷಕರನ್ನು ನಡುಗಿಸಿ ತೃಪ್ತರಾದವರೂ ಆ ಖಾತೆಯಲ್ಲಿ ಇದ್ದಿರಬಹುದು. ತಪಾಸಣೆಯೆಂದರೆ ತಪ್ಪು ಹುಡುಕುವುದೆಂದು ತಿಳಿದವರು ಯಾವ ಕಾಲದಲ್ಲಿಯೂ ಕಡಿಮೆಯಿಲ್ಲ. ಚನ್ನಬಸಪ್ಪನವರ ದೃಷ್ಟಿಯು ಬೇರೆ. ಅವರು ಮೊದಲು ಶಿಕ್ಷಕರ ಶಿಕ್ಷಕರು, ಆಮೇಲೆ ಅಧಿಕಾರಿಗಳು.

ಅವರ ಮೇಲಧಿಕಾರಿಗಳಾಗಿದ್ದ ರಸೆಲ್ ಎಂಬ ಆಂಗ್ಲ ಮಹನೀಯರು ಕನ್ನಡದ ವಿಷಯದಲ್ಲಿ ನಿಜವಾದ ಆದರವುಳ್ಳವರಾಗಿದ್ದರು. ಜನರ ಭಾಷೆಯಲ್ಲಿಯೇ ಜನರಿಗೆ ಶಿಕ್ಷಣವಾಗಬೇಕೆಂಬ ಚನ್ನಬಸಪ್ಪನವರ ವಾದಕ್ಕೆ ಅವರ ಬೆಂಬಲವು ದೊರೆಯಿತು. ಕೆಳಗಿನವನ ಮಾತನ್ನು ಕೇಳುವ ಮೇಲಧಿಕಾರಿಯು ದೊರೆಯುವುದು ಪುಣ್ಯವೇ ಸರಿ. ಆದರೆ ಕೇಳುವಂತಹ ಮಾತನ್ನು ಆಡಬಲ್ಲ ಕೆಳಗಿನವನು ದೊರೆಯುವುದು ಅದಕ್ಕಿಂತ ದೊಡ್ಡ ಪುಣ್ಯ. ಇತ್ತ ಮೈಸೂರು ಸಂಸ್ಥಾನದಲ್ಲಿ ರೈಸ್ ಸಾಹೇಬರು ಹೋಬಳಿ ಶಾಲೆಗಳ ಯೋಜನೆಯನ್ನು 1868ರಲ್ಲಿ ಮುಂದಿಟ್ಟರು. ಕನ್ನಡದ ಹಳ್ಳಿಯ ಮಕ್ಕಳಿಗೆ ಕ್ರಮಬದ್ಧವಾದ ವಿದ್ಯೆಯು ಸಿಕ್ಕಬೇಕೆಂಬ ಪ್ರಯತ್ನವು ತುಂಗಭದ್ರೆಯ ಎರಡು ಕಡೆಗಳಲ್ಲಿಯೂ ಒಂದೇ ದಶಕದಲ್ಲಿ ನಡೆದುದು ಗಮನಿಸತಕ್ಕ ವಿಷಯ. ದಕ್ಷಿಣದಲ್ಲಿ ಅದಕ್ಕೆ ಹಣದ ತೊಡಕು ಮಾತ್ರ. ಉತ್ತರದಲ್ಲಿ ಭಾಷೆಯ ಹಕ್ಕನ್ನೂ ಮೊದಲು ಗೆಲ್ಲಬೇಕಾಗಿದ್ದಿತು.

ಹಳ್ಳಿಯ ಶಿಕ್ಷಕನು ಏಕಾಕಿ. ನಾರ್ಮಲ್ ಶಾಲೆಯಿಂದ ಹೊರಬಿದ್ದ ಮೇಲೆ ಅವನಿಗೆ ಪುಸ್ತಕವಿಲ್ಲ, ಜೊತೆಗಾರನಿಲ್ಲ. ಕಲಿತುದು ನಾಲ್ಕು ವರ್ಷಗಳಲ್ಲಿ ತುಕ್ಕು ಹಿಡಿಯುತ್ತದೆ. ಈ ಕೊರತೆಯನ್ನು ನೀಗುವುದಕ್ಕಾಗಿ 1865ರಲ್ಲಿ ಶಿಕ್ಷಕರಿಗಾಗಿಯೇ ಒಂದು ಮಾಸಪತ್ರಿಕೆಯು ಹುಟ್ಟಿತು. ಅದರ ಹೆಸರು ಮಠಪತ್ರಿಕೆ. ಇಂಗ್ಲೀಷಿನ ಹೆಸರನ್ನಾಗಲಿ ಮರಾಠಿಯ ಹೆಸರನ್ನಾಗಲಿ ಇಡದೆ, ಊರ ಮಕ್ಕಳು ಅಕ್ಷರವನ್ನು ಕಲಿಯುವ ಸ್ಥಾನಕ್ಕೆ ಜನರು ಕೊಟ್ಟಿದ್ದ ಹೆಸರನ್ನೇ ಇಟ್ಟುದು ಎಷ್ಟು ಉಚಿತವಾದುದು! ಸರ್ಕಾರದ ಹೊಸ ಶಾಲೆಯು ಪರಕೀಯವಾದುದಲ್ಲ, ಅಯ್ಯಗಳ ಹಳೆಯ ಮಠವೇ ಹೊಸ ರೂಪದಲ್ಲಿ ಬಂದಿದೆಯೆಂಬ ಭಾವನೆಯು ಆ ಹೆಸರಿನಿಂದಲೇ ಓದುವವನ ಮನಸ್ಸಿಗೆ ಬರುತ್ತದೆ. ಈ ಪತ್ರಿಕೆಯ ಹಿಂದೆ ಚನ್ನಬಸಪ್ಪನವರ ಪ್ರೇರಣೆಯೂ ಶ್ರಮವೂ ಇದ್ದುವು.

ಪಾಠಪುಸ್ತಕಗಳಿಲ್ಲದ ಶಾಲೆಯು ಕಾಳಿಲ್ಲದ ಕಣಜ. ತಾವೊಬ್ಬರೇ ಎಲ್ಲವನ್ನೂ ಬರೆಯುವುದಾಗದೆಂಬುದನ್ನು ಅರಿತ ಚನ್ನಬಸಪ್ಪನವರು ಬರೆಯಬಲ್ಲವರನ್ನು ಗುರುತಿಸಿ ಪ್ರೋತ್ಸಾಹಿಸಿದರು. ಬಾಣಕವಿಯ ಕಾದಂಬರಿಯನ್ನು ಕನ್ನಡಕ್ಕೆ ತಂದ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ಶಾಕುಂತಲವನ್ನು ಹೆಣ್ಣುಮಕ್ಕಳೂ ಹಾಡಿಕೊಳ್ಳುವಂತಹ ತಿಳಿಗನ್ನಡದಲ್ಲಿ ರಚಿಸಿದ ಚುರಮುರಿ ಶೇಷಗಿರಿರಾಯರು, ಅನೇಕ ಗ್ರಂಥಗಳನ್ನು ಬರೆದ ವೆಂಕಟರಂಗೋ ಕಟ್ಟಿಯವರು ಇವರೆಲ್ಲರೂ ಆ ಕಾಲದ ಆ ಬಳಗದವರು. ಲಿಂಗಾಯತರೂ ಬ್ರಾಹ್ಮಣರೂ ಒಂದೇ ಕಾರ್ಯಕ್ಕಾಗಿ ಹೆಗಲು ಕೊಟ್ಟರು. ಅದರಲ್ಲಿ ನಮ್ಮವರು ಪರರೆಂಬ ಎಣಿಕೆಯಿರಲಿಲ್ಲ. ಪ್ರಾಚೀನ ಶಾಸನಗಳ ಸಂಶೋಧನೆಯಿಂದ ಕೀರ್ತಿವಂತರಾದ ಫ್ಲೀಟ್ ಸಾಹೇಬರು ಶಿಕ್ಷಣಾಧಿಕಾರಿಯಾಗಿ 1872ರ ಸುಮಾರಿನಲ್ಲಿ ಬಂದುದೂ ಈ ದಕ್ಷಿಣ ವಿಭಾಗಕ್ಕೇ.

ಚನ್ನಬಸಪ್ಪನವರ ಸ್ವಂತ ಕೃತಿಗಳಲ್ಲಿ ಪ್ರಸಿದ್ಧವಾದುದು 1871ರ ನಗದವರನ್ನು ನಗಿಸುವ ಕಥೆ. ಶೇಕ್ಸ್‌ಪಿಯರ್ ಮಹಾಕವಿಯ ನಾಟಕವೊಂದರ ವಸ್ತುವನ್ನು ತೆಗೆದುಕೊಂಡು ಅವರು ಅದನ್ನು ಕನ್ನಡದ ಕಥೆಯನ್ನಾಗಿ ಮಾಡಿದರು. ಒಡೆಯರಿಬ್ಬರು ಅವಳಿಗಳು, ಅವರ ಆಳುಗಳಿಬ್ಬರೂ ಅವಳಿಗಳು. ಒಂದೇ ಊರಿನಲ್ಲಿ ನಾಲ್ವರೂ ಸೇರಿದಾಗ ಒಬ್ಬನೆಂದು ಮತ್ತೊಬ್ಬನನ್ನು ಭ್ರಮಿಸಿ ಆಗುವ ಫಜೀತಿಯೇ ಅದರ ಕಥೆ. ಶೇಕ್ಸ್‌ಪಿಯರನನ್ನು ಕನ್ನಡದಲ್ಲಿ ತಂದ ಮೊದಮೊದಲಿನ ಪ್ರಯತ್ನಗಳಲ್ಲಿ ಇದು ಒಂದು. ಮಹಾಕವಿಯ ಗಂಭೀರ ನಾಟಕಗಳೆಲ್ಲವೂ ಎದುರಿಗಿರುವಾಗ ನಗೆಯ ಕಥೆಯನ್ನು ಆರಿಸಿದುದಕ್ಕೆ ಪಂಡಿತರು ಮೂಗು ಮುರಿಯಬಹುದು. ಆದರೆ ಹೊಸದಾಗಿ ಓದಲು ಕಲಿತವನನ್ನು ಪುಸ್ತಕದ ಬಳಿ ಹಿಡಿದು ಕೂರಿಸುವುದು ನಗೆಯೇ. ಇದನ್ನು ಬಲ್ಲವನು ಶಿಕ್ಷಕನು. ಗ್ರಂಥದ ಹೆಸರಿನಲ್ಲಿಯೇ ಶಿಕ್ಷಕನ ಕೈ ಕಾಣುತ್ತದೆ.

ಚನ್ನಬಸಪ್ಪನವರು 1881ನೆಯ ಇಸವಿಯ ಜನವರಿ 4ರಂದು ಲಿಂಗೈಕ್ಯರಾದರು. ಆಗ ಅವರಿಗೆ ನಾಲ್ವತ್ತೇಳು ವರ್ಷ. ಅಷ್ಟು ಅಲ್ಪಾಯುಷ್ಯದಲ್ಲಿ ಅವರು ನೋಡದೆ ಹೋದುದು ಬಹಳ. ಎರಡು ವರ್ಷಗಳಲ್ಲಿ, 1883ರಲ್ಲಿ, ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದ ಧರ್ಮಾತ್ಮರಿಂದ ಲಿಂಗಾಯತ ವಿದ್ಯಾರ್ಥಿಗಳ ನೆರವಿಗಾಗಿ ಸಂಸ್ಥೆಯು ಹುಟ್ಟಿತು. ಕರ್ನಾಟಕ ವಿದ್ಯಾವರ್ಧಕ ಸಂಘವು 1890ರಲ್ಲಿ ಧಾರವಾಡದಲ್ಲಿಯೇ ಸ್ಥಾಪಿತವಾಯಿತು. ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯು 1916ರಲ್ಲಿ ಬೆಳಗಾವಿಯಲ್ಲಿ, ಅಂದರೆ ಅವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನೆಟ್ಟ ಸೀಮೆಯಲ್ಲಿಯೇ, ತಲೆಯೆತ್ತಿತು. ಅವರು ತೆರೆದ ಶಾಲೆಗಳಲ್ಲಿ ಓದಿದವರ ಮಕ್ಕಳೂ ಮೊಮ್ಮಕ್ಕಳೂ 1956ರ ನವೆಂಬರ್ 1ರಂದು ಮೈಸೂರಿನೊಡನೆ ಒಂದೇ ರಾಜ್ಯವಾಗಿ ಸೇರಿದರು. ಲಕ್ಷ್ಮಣತೀರ್ಥದ ದಡದವರಿಗೂ ಮಲಪ್ರಭೆಯ ದಡದವರಿಗೂ ಅಂದಿನಿಂದ ಒಂದೇ ಪಠ್ಯ, ಒಂದೇ ಅಕ್ಷರ.

ಮಠಪತ್ರಿಕೆಯು ಕಾಲಾಂತರದಲ್ಲಿ ಬೇರೆ ಬೇರೆ ಹೆಸರುಗಳನ್ನು ಧರಿಸಿ, ಕಡೆಗೆ ಜೀವನ ಶಿಕ್ಷಣವೆಂಬ ಹೆಸರಿನಿಂದ ಧಾರವಾಡದಿಂದಲೇ ಶಿಕ್ಷಕರ ಕೈಗೆ ಬರುವಂತಾಯಿತು.