ಲೂಯಿಜಿ ಗಾಲ್ವಾನಿ: ಕಪ್ಪೆಯ ಕಾಲಿನಿಂದ ಜೀವಕೋಶದ ತಟ್ಟೆಯವರೆಗೆ

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ ಕಬ್ಬಾಳಿನಂಥ ಹಳ್ಳಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಫಿಟ್ಸ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಬೀಗದ ಕೈಗೆ ಬರುತ್ತದೆ. (ಆ ಹೊತ್ತಿನಲ್ಲಿ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ.) ಹಾಗಾದರೆ ಲೋಹಕ್ಕೂ ನರಕ್ಕೂ ನಂಟೇ ಇಲ್ಲವೇ? ಇದೆ. ಅದನ್ನು ಜಗತ್ತಿನ ಮುಂದಿಟ್ಟವರು ಇಟಲಿಯ ವೈದ್ಯ ಲೂಯಿಜಿ ಗಾಲ್ವಾನಿ.

ಗಾಲ್ವಾನಿ 1737ರಲ್ಲಿ ಬೊಲೊನ್ಯಾ ನಗರದಲ್ಲಿ ಹುಟ್ಟಿದರು. ವೈದ್ಯಕೀಯ ಓದಿ, ಅದೇ ಊರಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು, ಹೆರಿಗೆ ವಿದ್ಯೆಯನ್ನೂ ಹೇಳಿಕೊಟ್ಟರು. ತಮ್ಮ ಗುರು ಗಲಿಯಾತ್ಸಿಯವರ ಮಗಳು ಲೂಚಿಯಾರನ್ನು ಮದುವೆಯಾದರು. ಲೂಚಿಯಾಗೆ ಕಾಯಿಲೆಯಾಗಿ, ಸೂಪಿಗೆಂದು ತಂದ ಕಪ್ಪೆಯ ಕಾಲು ಅಡುಗೆಮನೆಯಲ್ಲಿ ಅದುರಿತು ಎಂಬ ಕತೆಯನ್ನು ನೀವು ಕೇಳಿರಬಹುದು. ಕತೆ ರುಚಿಯಾಗಿದೆ, ಅಷ್ಟೆ. ಗಾಲ್ವಾನಿ 1780ರ ಹೊತ್ತಿಗಾಗಲೇ ಕಪ್ಪೆಗಳ ಮೇಲೆ ಯೋಜನೆ ಹಾಕಿಕೊಂಡು ಪ್ರಯೋಗ ಮಾಡುತ್ತಿದ್ದರು.

ಒಮ್ಮೆ ವಿದ್ಯುತ್ ಯಂತ್ರದಿಂದ ಕಿಡಿ ಹಾರಿದಾಗ, ಸಹಾಯಕರ ಚಾಕುವಿನ ಮೊನೆ ಸತ್ತ ಕಪ್ಪೆಯ ನರಕ್ಕೆ ತಾಗಿತ್ತು. ಕಾಲು ಜಿಗಿಯಿತು. 1786ರಲ್ಲಿ ಅವರು ಹಿತ್ತಾಳೆಯ ಕೊಕ್ಕೆ ಚುಚ್ಚಿದ ಕಪ್ಪೆಗಳನ್ನು ಕಬ್ಬಿಣದ ಕಟಕಟೆಗೆ ನೇತುಹಾಕಿದರು. ಮಿಂಚಿಲ್ಲದಿದ್ದರೂ ಕೊಕ್ಕೆ ಕಬ್ಬಿಣಕ್ಕೆ ಒತ್ತಿದರೆ ಸಾಕು, ಕಾಲು ಅದುರುತ್ತಿತ್ತು. ಅಲ್ಲಿ ಎರಡು ಬೇರೆ ಲೋಹಗಳಿದ್ದವು, ನಡುವೆ ಒದ್ದೆ ಮಾಂಸವಿತ್ತು, ವಿದ್ಯುತ್ ಸುತ್ತಿಬರುವ ದಾರಿ ಪೂರ್ಣವಾಗಿತ್ತು. ಒಣ ಅಂಗೈಯಲ್ಲಿರುವ ಒಂಟಿ ಬೀಗದ ಕೈಗೆ ಇದಾವುದೂ ಇಲ್ಲ.

ಗಾಲ್ವಾನಿಯವರು 1791ರಲ್ಲಿ ಪುಸ್ತಕ ಪ್ರಕಟಿಸಿ, ವಿದ್ಯುತ್ ಪ್ರಾಣಿಯ ಒಳಗೇ ಇದೆ ಎಂದು ವಾದಿಸಿದರು. ಪ್ರಯೋಗಗಳಲ್ಲಿ ಜೊತೆಯಾಗಿದ್ದ ಲೂಚಿಯಾ ಅಷ್ಟರಲ್ಲಿ ತೀರಿಕೊಂಡಿದ್ದರು. ಪಾವಿಯಾದ ಅಲೆಸ್ಸಾಂಡ್ರೊ ವೋಲ್ಟಾ ಮೊದಲು ಒಪ್ಪಿದರು, ಆಮೇಲೆ ತಿರುಗಿಬಿದ್ದರು: ವಿದ್ಯುತ್ ಹುಟ್ಟುವುದು ಲೋಹಗಳಿಂದ, ಕಪ್ಪೆ ಅದನ್ನು ತೋರಿಸುತ್ತದಷ್ಟೆ ಎಂದರು. ಗಾಲ್ವಾನಿ ಲೋಹವನ್ನೇ ಕೈಬಿಟ್ಟರು. ಕತ್ತರಿಸಿದ ನರದ ತುದಿಯನ್ನು ಸ್ನಾಯುವಿಗೆ ನೇರವಾಗಿ ತಾಗಿಸಿದರು. ಆಗಲೂ ಕಾಲು ಅದುರಿತು. ನಮ್ಮ ಪ್ರಕಾರ ಅವರ ಅತಿ ಜಾಣ ಪ್ರಯೋಗ ಇದೇ.

ಇಬ್ಬರೂ ಅರ್ಧರ್ಧ ಸರಿ. ಈ ಎರಡು ಅರ್ಧಗಳೂ ಇಂದು ಒಂದೇ ಗಾಜಿನ ತಟ್ಟೆಯಲ್ಲಿ ಕೂಡುತ್ತವೆ. 1972ರಲ್ಲಿ ವಿಜ್ಞಾನಿಗಳು ತಟ್ಟೆಯ ತಳದಲ್ಲೇ ಸೂಕ್ಷ್ಮ ವಿದ್ಯುದ್ವಾರಗಳ ಸಾಲು ಕೂರಿಸಿ, ಮೇಲೆ ಬೆಳೆಸಿದ ಕೋಳಿಭ್ರೂಣದ ಹೃದಯಕೋಶಗಳ ವಿದ್ಯುತ್ ಸಂಕೇತ ಹಿಡಿದರು. ಇದೇ ಮೈಕ್ರೋಎಲೆಕ್ಟ್ರೋಡ್ ಅರೇ. ಇಂದು ಇಂಥ ತಟ್ಟೆಯ ಒಂದೊಂದು ವಿದ್ಯುದ್ವಾರ ಕೂದಲಿಗಿಂತ ತೆಳುವಾಗಿದ್ದು, ಅದರಿಂದ ಕೋಶಗಳನ್ನು ಪ್ರಚೋದಿಸಲೂಬಹುದು. ಅಪಾಯ ಇರುವುದು ಲೋಹ ಮತ್ತು ದ್ರವ ಸೇರುವ ಅಂಚಿನಲ್ಲಿ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಸುತ್ತಾ ಹೋದರೆ ನೀರು ಒಡೆದು ಗುಳ್ಳೆ ಏಳುತ್ತದೆ, ದ್ರವದ ಆಮ್ಲೀಯತೆ ಬದಲಾಗುತ್ತದೆ, ಲೋಹವೂ ಕರಗಬಹುದು, ಕೋಶಗಳು ಸಾಯುತ್ತವೆ. ಆದ್ದರಿಂದ ಕೆಲವು ನೂರು ಮೈಕ್ರೋಸೆಕೆಂಡ್ ಒಂದು ದಿಕ್ಕಿಗೆ ಕೊಟ್ಟ ವಿದ್ಯುದಾವೇಶವನ್ನು, ಕೂಡಲೇ ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ಕೊಟ್ಟು ಸರಿದೂಗಿಸುತ್ತಾರೆ. ನೀರು ಒಡೆಯುವ ಮಟ್ಟಕ್ಕೆ ವೋಲ್ಟೇಜ್ ಏರಲು ಬಿಡುವುದಿಲ್ಲ. ವಿದ್ಯುತ್ತನ್ನೇ ಕೊಡದ ಇನ್ನೊಂದು ತಟ್ಟೆಯನ್ನು ಹೋಲಿಕೆಗೆ ಇಟ್ಟಿರುತ್ತಾರೆ.

ಗಾಲ್ವಾನಿ ತಮ್ಮ ವಾದ ಗೆದ್ದದ್ದನ್ನಾಗಲಿ ಸೋತದ್ದನ್ನಾಗಲಿ ನೋಡಲಿಲ್ಲ. 1796ರಲ್ಲಿ ನೆಪೋಲಿಯನ್ನನ ಸೇನೆ ಬೊಲೊನ್ಯಾಕ್ಕೆ ಬಂತು. ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಅವರು 1798ರಲ್ಲಿ ಹುದ್ದೆ, ಸಂಬಳ ಎರಡನ್ನೂ ಕಳೆದುಕೊಂಡರು. ಅದೇ ವರ್ಷ ಡಿಸೆಂಬರ್ 4ರಂದು ತೀರಿಕೊಂಡರು. ಎರಡು ಲೋಹಗಳ ಬಿಲ್ಲೆಗಳ ನಡುವೆ ಒದ್ದೆ ಬಟ್ಟೆ ಇಟ್ಟು ಪೇರಿಸಿದ ಮೊದಲ ಬ್ಯಾಟರಿಯ ಬಗ್ಗೆ ವೋಲ್ಟಾ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು 1800ರ ಮಾರ್ಚ್‌ನಲ್ಲಿ.