ಅಂಧ ಕವಯಿತ್ರಿ ಫ್ಯಾನಿ ಕ್ರಾಸ್ಬಿ

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರೆಲ್ಲರಿಗೂ ಬೆಳಗಿನ ಪ್ರಾರ್ಥನೆಯ ಹೊತ್ತು ಜ್ಞಾಪಕದಲ್ಲಿರಬಹುದು. ಆ ಹೊತ್ತಿನಲ್ಲಿ ನಾವು ಹಾಡುತ್ತ ಬಂದಿರುವ ಗೀತೆಗಳಲ್ಲಿ ಕೆಲವು ಅಮೇರಿಕಾ ದೇಶದ ಒಬ್ಬ ಅಂಧ ಸ್ತ್ರೀಯು ರಚಿಸಿದವುಗಳೆಂಬ ಸಂಗತಿಯು ಬಹುಮಂದಿಗೆ ತಿಳಿಯದು. ಗೀತಪುಸ್ತಕದ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಹೆಸರನ್ನು ಓದುವವರು ವಿರಳ. ಆ ಹೆಸರು ಫ್ಯಾನಿ ಕ್ರಾಸ್ಬಿ. ಈಕೆಯ ಜೀವನವನ್ನು ಈ ಸ್ಮರಣ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯಬೇಕೆಂದು ನಾವು ಬಹುದಿನದಿಂದ ಎಣಿಸಿದ್ದೆವು. ಇದಕ್ಕೆ ಗೀತೆಗಳ ಮೇಲಣ ಪ್ರೀತಿಯಲ್ಲದೆ ಮತ್ತೊಂದು ಕಾರಣವೂ ಉಂಟು. ಅದನ್ನು ಕೊನೆಯಲ್ಲಿ ತಿಳಿಸುವೆವು.

ಫ್ಯಾನಿಯು 1820ನೆಯ ಇಸವಿ ಮಾರ್ಚಿ 24ರಂದು ನ್ಯೂಯಾರ್ಕ್ ಸಂಸ್ಥಾನದ ಪಟ್ನಂ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದಳು. ತಂದೆ ತಾಯಿಗಳು ಬಡ ರೈತಾಪಿ ಜನರು. ಮಗುವಿಗೆ ಆರು ವಾರಗಳಾದಾಗ ಕಣ್ಣುಗಳು ಉರಿಯೆದ್ದು ಕೆಂಪಾದವು. ಊರಿನ ವೈದ್ಯನು ಆಗ ಇರಲಿಲ್ಲ. ತಾನು ವೈದ್ಯನೆಂದು ಹೇಳಿಕೊಂಡ ಬೇರೊಬ್ಬನು ಬಂದು ಕಣ್ಣುಗಳ ಮೇಲೆ ಬಿಸಿಯಾದ ಸಾಸಿವೆಯ ಪಟ್ಟು ಹಾಕಿಸಿದನು. ಮಗುವಿನ ದೃಷ್ಟಿಯು ಹೋಗಲು ಇದೇ ಕಾರಣವೆಂದು ಮನೆಯವರು ನಂಬಿದರು. ಹುಟ್ಟಿನಿಂದಲೇ ದೋಷವಿದ್ದಿರಬಹುದೆಂದು ಈಗಿನ ಕಾಲದ ವೈದ್ಯರಲ್ಲಿ ಕೆಲವರು ಅಭಿಪ್ರಾಯಪಡುತ್ತಾರೆ. ಅದು ಹೇಗೇ ಇರಲಿ, ಬೆಳೆದು ದೊಡ್ಡವಳಾದ ಮೇಲೆ ಫ್ಯಾನಿಯು ಆ ಮನುಷ್ಯನ ಮೇಲೆ ಹಗೆಯನ್ನಿಟ್ಟುಕೊಳ್ಳಲಿಲ್ಲ. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ತಂದೆಯು ತೀರಿಕೊಂಡನು. ಇಪ್ಪತ್ತೊಂದು ವಯಸ್ಸಿನ ತಾಯಿಯು ಪರರ ಮನೆಗಳಲ್ಲಿ ಕೆಲಸಕ್ಕೆ ಹೋಗಬೇಕಾಯಿತು. ಮಗುವನ್ನು ನೋಡಿಕೊಳ್ಳುವ ಭಾರವು ಅಜ್ಜಿಯ ಮೇಲೆ ಬಿದ್ದಿತು.

ಈ ಅಜ್ಜಿಯ ಹೆಸರು ಯೂನಿಸ್. ಫ್ಯಾನಿಯ ಚರಿತ್ರೆಯಲ್ಲಿ ಈ ವೃದ್ಧೆಗೆ ಸಲ್ಲಬೇಕಾದ ಸ್ಥಾನವನ್ನು ಎಷ್ಟು ಹೇಳಿದರೂ ಸಾಲದು. ಆಕೆಯು ಮೊಮ್ಮಗಳನ್ನು ಕಂಡು ಅಳುತ್ತ ಕುಳಿತುಕೊಳ್ಳಲಿಲ್ಲ. ಕೈಹಿಡಿದು ಹೊಲಕ್ಕೂ ತೋಪಿಗೂ ಕರೆದುಕೊಂಡು ಹೋಗಿ, ಎಲೆಗಳನ್ನು ಮುಟ್ಟಿಸಿ, ಹೂವುಗಳನ್ನು ಮೂಸಿಸಿ, ಒಂದೊಂದು ಹಕ್ಕಿಯ ಕೂಗನ್ನು ಬೇರೆ ಬೇರೆಯಾಗಿ ಗುರುತಿಸುವುದಕ್ಕೆ ಕಲಿಸಿದಳು. ಸೂರ್ಯನು ಮುಳುಗುವಾಗ ಆಕಾಶಕ್ಕೆ ಬರುವ ಬಣ್ಣಗಳನ್ನು ಮಾತಿನಿಂದಲೇ ಚಿತ್ರಿಸಿ ತೋರಿಸಿದಳು. ಸಾಯಂಕಾಲ ಸತ್ಯವೇದವನ್ನು ಓದಿ ಹೇಳಿದಳು. ಇಷ್ಟು ಮಾತ್ರವಲ್ಲ, ಇತರ ಮಕ್ಕಳಂತೆಯೇ ಆಡುವುದಕ್ಕೂ ಓಡುವುದಕ್ಕೂ ಮನೆಯವರು ಆಕೆಯನ್ನು ಬಿಟ್ಟರು. ಫ್ಯಾನಿಯು ಮರ ಹತ್ತುತ್ತಿದ್ದಳು, ಕುದುರೆ ಏರುತ್ತಿದ್ದಳು, ನೆರೆಹೊರೆಯ ಮಕ್ಕಳ ತುಂಟತನಗಳಲ್ಲಿ ಹಿಂದೆ ಬೀಳುತ್ತಿರಲಿಲ್ಲ.

ಐದನೆಯ ವರ್ಷದಲ್ಲಿ ತಾಯಿಯು ನೆರೆಯವರ ಸಹಾಯದಿಂದ ಮಗುವನ್ನು ನ್ಯೂಯಾರ್ಕ್ ಪಟ್ಟಣಕ್ಕೆ ಕರೆದುಕೊಂಡು ಹೋಗಿ, ಆ ಕಾಲದ ಪ್ರಖ್ಯಾತ ಶಸ್ತ್ರವೈದ್ಯನಾದ ವ್ಯಾಲೆಂಟೈನ್ ಮಾಟ್ ಎಂಬಾತನಿಗೆ ತೋರಿಸಿದಳು. ದೃಷ್ಟಿಯು ಮತ್ತೆ ಬರುವುದಿಲ್ಲವೆಂದು ಆತನು ತಿಳಿಸಿದನು. ಆಸೆಯ ಬಾಗಿಲು ಆ ದಿನ ಮುಚ್ಚಿತು. ತಾಯಿಯ ಕೆಲಸದ ನಿಮಿತ್ತ ಮುಂದೆ ಅವರು ಬೇರೆ ಊರುಗಳಲ್ಲಿ ವಾಸಮಾಡಬೇಕಾಯಿತು. ರಿಜ್‌ಫೀಲ್ಡ್ ಎಂಬ ಊರಿನಲ್ಲಿ ಅವರಿದ್ದ ಮನೆಯ ಒಡತಿ ಹಾಲೀ ಎಂಬವಳು ಫ್ಯಾನಿಗೆ ಸತ್ಯವೇದದ ಅಧ್ಯಾಯಗಳನ್ನು ಓದಿ ಬಾಯಿಪಾಠ ಮಾಡಿಸತೊಡಗಿದಳು. ವಾರಕ್ಕೆ ಐದು ಅಧ್ಯಾಯಗಳಂತೆ ಕಲಿತು, ಶಾಲೆಗೆ ಹೋಗುವ ಮುನ್ನವೇ ಈ ಬಾಲಿಕೆಯು ಮೋಶೆಯ ಪಂಚಗ್ರಂಥಗಳನ್ನೂ ನಾಲ್ಕು ಸುವಾರ್ತೆಗಳನ್ನೂ ಜ್ಞಾನೋಕ್ತಿಗಳನ್ನೂ ಅನೇಕ ಕೀರ್ತನೆಗಳನ್ನೂ ಕಂಠಸ್ಥ ಮಾಡಿಕೊಂಡಿದ್ದಳು. ಪುಸ್ತಕವನ್ನು ಓದಲಾರದ ಹುಡುಗಿಯ ಮನಸ್ಸೇ ಪುಸ್ತಕವಾಯಿತು.

ಆದರೂ ಆಕೆಯ ಜ್ಞಾನದ ಹಸಿವು ಇಂಗಲಿಲ್ಲ. ಸಂಗಡಿಗರು ಶಾಲೆಗೆ ಹೋಗುವಾಗ ತಾನು ಮನೆಯಲ್ಲುಳಿಯುವ ದುಃಖವು ಆಕೆಯನ್ನು ಬಾಧಿಸುತ್ತಿತ್ತು. ಹೀಗಿರುವಾಗ ನ್ಯೂಯಾರ್ಕ್ ಪಟ್ಟಣದಲ್ಲಿ ಅಂಧರಿಗಾಗಿ 1831ರಲ್ಲಿ ಸ್ಥಾಪಿತವಾದ ಶಾಲೆಯ ಸಮಾಚಾರವು ಅವರ ಮನೆಗೆ ಮುಟ್ಟಿತು. 1835ರಲ್ಲಿ, ಹದಿನೈದು ವರ್ಷ ತುಂಬುವುದಕ್ಕೆ ಕೆಲವು ದಿನಗಳಿರುವಾಗ, ಫ್ಯಾನಿಯು ತಾಯಿಯನ್ನು ಬಿಟ್ಟು ಹೊರಟಳು. ಗಾಡಿಯಲ್ಲಿ ಕುಳಿತ ಮೇಲೆ ಮನೆಯ ನೆನಪಿನಿಂದ ಆಕೆಯ ಮಾತೇ ನಿಂತಿತು. ಜೊತೆಯಲ್ಲಿದ್ದ ಸ್ತ್ರೀಯು ಇದನ್ನು ಕಂಡು, ಇಷ್ಟವಿಲ್ಲದಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಬಹುದೆಂದು ತಿಳಿಸಿದಳು. ಫ್ಯಾನಿಯು ಸ್ವಲ್ಪ ಹೊತ್ತು ಯೋಚಿಸಿ ಮುಂದಕ್ಕೇ ಹೋಗಲು ನಿಶ್ಚಯಿಸಿದಳು. ವಸತಿಗೃಹದಲ್ಲಿ ಮೊದಲ ರಾತ್ರಿ ತಲೆದಿಂಬನ್ನು ನೆನೆಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆ ನಿಶ್ಚಯದ ಬೆಲೆ ಚೆನ್ನಾಗಿ ಗೊತ್ತು.

ಆ ಶಾಲೆಯಲ್ಲಿ ಉಪಾಧ್ಯಾಯರು ಪಾಠವನ್ನು ಓದುವರು. ಮಕ್ಕಳು ಕಿವಿಯಿಂದ ಕೇಳಿ, ಮನಸ್ಸಿನಲ್ಲಿಟ್ಟುಕೊಂಡು, ತಮ್ಮ ಮಾತುಗಳಲ್ಲಿ ಒಪ್ಪಿಸುವರು. ವ್ಯಾಕರಣ, ಚರಿತ್ರೆ, ಕಾವ್ಯ, ಇವೆಲ್ಲವೂ ಫ್ಯಾನಿಗೆ ಪ್ರಿಯವಾದವು. ಗಣಿತವೊಂದು ಮಾತ್ರ ಕೊನೆಯವರೆಗೂ ಆಕೆಗೆ ಒಲಿಯಲಿಲ್ಲ. ಗಣಿತದ ತರಗತಿಯಲ್ಲಿ ಕಣ್ಣೀರು ಹಾಕಿದ ನಮ್ಮ ಬಾಲಿಕೆಯರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು. ಆದರೆ ಪರೀಕ್ಷೆಗೆ ಮುನ್ನ ಇದನ್ನು ನೆವವಾಗಿ ಹೇಳಬಾರದು. ಪಿಯಾನೋ, ಆರ್ಗನ್, ಹಾರ್ಪ್, ಗಿಟಾರ್ ವಾದ್ಯಗಳನ್ನು ಆಕೆ ಕಲಿತಳು. ಕವಿತೆಗಳನ್ನು ಕಟ್ಟುವ ಶಕ್ತಿಯು ಎಲ್ಲರ ಕಣ್ಣಿಗೂ ಬಿದ್ದಿತು. ಹೊಗಳಿಕೆಯಿಂದ ಹುಡುಗಿ ಕೆಡುವಳೆಂದು ಅಂಜಿದ ಶಾಲಾಧಿಕಾರಿಯು ಮೂರು ತಿಂಗಳ ಕಾಲ ಪದ್ಯ ರಚಿಸಬಾರದೆಂದು ಆಜ್ಞೆ ಮಾಡಿದನು. ಆ ಆಜ್ಞೆಯಿಂದ ಆಕೆಗೆ ಇತರ ಪಾಠಗಳೂ ತಲೆಗೆ ಹತ್ತದೆ ಹೋದವು. ಆಮೇಲೆ ಅಧಿಕಾರಿಯು ತನ್ನ ತಪ್ಪನ್ನು ತಿಳಿದುಕೊಂಡು ಆಕೆಗೆ ಪ್ರೋತ್ಸಾಹವಿತ್ತನು. 1844ರಲ್ಲಿ ಆಕೆಯ ಮೊದಲ ಕವನಸಂಗ್ರಹವು ಪ್ರಕಟವಾಯಿತು. ಅಂಧರ ವಿದ್ಯಾಭ್ಯಾಸಕ್ಕೆ ಸರಕಾರವು ನೆರವಾಗಬೇಕೆಂದು ತೋರಿಸುವುದಕ್ಕಾಗಿ ಶಾಲೆಯವರು ಆ ಕಾಲದಲ್ಲಿ ರಾಜಧಾನಿಯಾದ ವಾಷಿಂಗ್ಟನ್ ನಗರಕ್ಕೆ ಹೋದಾಗ, ದೇಶದ ಶಾಸನಕರ್ತರ ಮುಂದೆ ನಿಂತು ಫ್ಯಾನಿಯು ತನ್ನ ಪದ್ಯಗಳನ್ನು ಹೇಳಿದಳು. ಸ್ತ್ರೀಯರಿಗೆ ಮತದಾನದ ಹಕ್ಕು ಕೂಡ ಇಲ್ಲದಿದ್ದ ಕಾಲವದು.

ಕಲಿತ ಶಾಲೆಯಲ್ಲಿಯೇ ಆಕೆ ಉಪಾಧ್ಯಾಯಿನಿಯಾಗಿ, 1858ರವರೆಗೆ ವ್ಯಾಕರಣ, ಅಲಂಕಾರಶಾಸ್ತ್ರ ಮತ್ತು ಚರಿತ್ರೆಯನ್ನು ಬೋಧಿಸಿದಳು. 1849ರಲ್ಲಿ ನ್ಯೂಯಾರ್ಕ್ ಪಟ್ಟಣದಲ್ಲಿ ಕಾಲರಾ ವ್ಯಾಧಿಯು ಹರಡಿ ಜನರು ಊರು ಬಿಟ್ಟು ಓಡುತ್ತಿದ್ದರು. ಫ್ಯಾನಿಯಾದರೋ ಶಾಲೆಯಲ್ಲಿಯೇ ನಿಂತು ರೋಗಿಗಳ ಶುಶ್ರೂಷೆ ಮಾಡಿದಳು. ಇತರರಿಂದ ಉಪಚಾರ ಪಡೆಯಬೇಕಾದವಳೆಂದು ಲೋಕವು ಎಣಿಸಿದ ಸ್ತ್ರೀಯೇ ಇತರರಿಗೆ ಉಪಚಾರ ಮಾಡಿದಳು. ಆ ದಿನಗಳಲ್ಲಿ ಕಂಡ ಮರಣಗಳು ಆಕೆಯ ಮನಸ್ಸನ್ನು ಕಲಕಿದವು. 1850ರ ನವೆಂಬರ್ 20ರಂದು ಒಂದು ಪ್ರಾರ್ಥನಾ ಕೂಟದಲ್ಲಿ ಆಕೆ ತನ್ನ ಜೀವನವನ್ನು ದೇವರಿಗೆ ಪೂರ್ಣವಾಗಿ ಒಪ್ಪಿಸಿಕೊಂಡಳು. 1853ರಲ್ಲಿ ಹದಿಹರೆಯದ ಒಬ್ಬ ತರುಣನು ಆ ಶಾಲೆಗೆ ಸಹಾಯಕನಾಗಿ ಬಂದು, ಬಿಡುವಿನಲ್ಲಿ ಆಕೆ ಹೇಳಿದ ಪದ್ಯಗಳನ್ನು ಬರೆದುಕೊಡುತ್ತಿದ್ದನು. ಆತನೇ ಮುಂದೆ ಎರಡು ಸಾರಿ ಅಮೇರಿಕಾದ ಅಧ್ಯಕ್ಷನಾದ ಗ್ರೋವರ್ ಕ್ಲೀವ್‌ಲೆಂಡ್. ಅವರ ಸ್ನೇಹವು ಬಹುಕಾಲ ಉಳಿಯಿತು.

1858ರ ಮಾರ್ಚಿಯಲ್ಲಿ ಆಕೆ ಅಲೆಕ್ಸಾಂಡರ್ ವ್ಯಾನ್ ಆಲ್‌ಸ್ಟೈನ್ ಎಂಬಾತನನ್ನು ವಿವಾಹವಾದಳು. ಆತನೂ ದೃಷ್ಟಿಯಿಲ್ಲದವನು, ಅದೇ ಶಾಲೆಯಲ್ಲಿ ಕಲಿತು ಕಲಿಸಿದವನು, ಸಂಗೀತದಲ್ಲಿ ಪ್ರವೀಣನು. ಬರಹಗಳಲ್ಲಿ ಆಕೆಯು ತನ್ನ ಹುಟ್ಟುಹೆಸರನ್ನೇ ಉಳಿಸಿಕೊಳ್ಳಬೇಕೆಂದು ಪತಿಯೇ ಬಯಸಿದನು. ಮಾರನೆಯ ವರ್ಷ ಅವರಿಗೆ ಒಂದು ಮಗು ಹುಟ್ಟಿ ಬೇಗನೆ ತೀರಿಕೊಂಡಿತು. ಈ ದುಃಖದ ವಿಷಯವಾಗಿ ಫ್ಯಾನಿಯು ಮಾತನಾಡುತ್ತಿದ್ದುದು ಬಹು ಅಪರೂಪ. ನಾವೂ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಆಕೆಯ ಜೀವನದ ಮುಖ್ಯವಾದ ಕೆಲಸವು ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ ಆರಂಭವಾಯಿತು. 1864ರಲ್ಲಿ ವಿಲಿಯಂ ಬ್ರಾಡ್‌ಬರಿ ಎಂಬ ಸಂಗೀತಗಾರನು ಭಕ್ತಿಗೀತೆಗಳನ್ನು ಬರೆದುಕೊಡಲು ಕೇಳಿಕೊಂಡನು. ಅಲ್ಲಿಂದ ಮುಂದೆ ಸುಮಾರು ಐವತ್ತು ವರ್ಷಗಳಲ್ಲಿ ಆಕೆ ರಚಿಸಿದ ಗೀತೆಗಳು 8,000ಕ್ಕೂ ಹೆಚ್ಚು. ಗೀತಪುಸ್ತಕದಲ್ಲಿ ಒಬ್ಬಳ ಹೆಸರೇ ತುಂಬಿಹೋಗಬಾರದೆಂದು ಪ್ರಕಾಶಕರು ನೂರಾರು ಬೇರೆ ಹೆಸರುಗಳಲ್ಲಿ ಅವುಗಳನ್ನು ಅಚ್ಚು ಹಾಕಿಸಿದರು. ಇಡೀ ಗೀತೆಯನ್ನು ಮನಸ್ಸಿನಲ್ಲಿಯೇ ಕಟ್ಟಿ, ತಿದ್ದಿ, ಸಿದ್ಧವಾದ ಮೇಲೆ ಒಬ್ಬರಿಗೆ ಹೇಳಿ ಬರೆಸುವುದು ಆಕೆಯ ಪದ್ಧತಿ. 1868ರಲ್ಲಿ ಒಂದು ದಿನ ವಿಲಿಯಂ ಡೋನ್ ಎಂಬ ಸಂಗೀತಗಾರನು ಆಕೆಯ ಮನೆಗೆ ಬಂದು, ರೈಲಿಗೆ ನಾಲ್ವತ್ತು ನಿಮಿಷಗಳು ಮಾತ್ರ ಇರುವುದೆಂದು ಹೇಳಿ, ತಾನು ಕಟ್ಟಿದ ರಾಗವನ್ನು ಕೇಳಿಸಿದನು. ಆತನು ರೈಲಿಗೆ ಹೊರಡುವಷ್ಟರಲ್ಲಿ ಗೀತೆಯು ಸಿದ್ಧವಾಗಿದ್ದಿತು. ಯೇಸುವಿನ ತೋಳುಗಳಲ್ಲಿ ದೊರೆಯುವ ಆಶ್ರಯವನ್ನು ವರ್ಣಿಸುವ ಆ ಗೀತೆಯಿಂದ ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಸಮಾಧಾನ ಪಡೆದರು. 1873ರಲ್ಲಿ ಫೀಬಿ ನ್ಯಾಪ್ ಎಂಬ ಗೆಳತಿಯು ನುಡಿಸಿದ ರಾಗಕ್ಕೆ ಆಕೆ ಬರೆದ ನಿಶ್ಚಯದ ಗೀತೆಯು ಇಂದಿಗೂ ಲೋಕದ ನಾನಾ ಭಾಷೆಗಳಲ್ಲಿ ಹಾಡಲ್ಪಡುತ್ತದೆ.

ಒಂದು ಗೀತೆಗೆ ದೊರೆಯುತ್ತಿದ್ದ ಹಣವು ಒಂದೆರಡು ಡಾಲರುಗಳು ಮಾತ್ರ. ಫ್ಯಾನಿಯು ಅದಕ್ಕಾಗಿ ಗೊಣಗಲಿಲ್ಲ, ಬಂದುದನ್ನು ಕೂಡಿಡಲೂ ಇಲ್ಲ. ನ್ಯೂಯಾರ್ಕಿನ ಬಡ ಜನರ ಕೇರಿಗಳಲ್ಲಿಯೇ ಬಾಡಿಗೆಗೆ ಇದ್ದು, ಕುಡಿತಕ್ಕೆ ಬಿದ್ದು ಮನೆಮಠ ಕಳೆದುಕೊಂಡವರಿಗಾಗಿ ನಡೆಯುತ್ತಿದ್ದ ಆಶ್ರಯಗಳಿಗೆ ಹೋಗಿ, ಅವರ ನಡುವೆ ಕುಳಿತು ಮಾತನಾಡುತ್ತಿದ್ದಳು. ಸುಮಾರು 1880ರಿಂದ ಪತಿಪತ್ನಿಯರು ಬೇರೆ ಬೇರೆ ವಾಸಮಾಡಿದರೂ, 1902ರಲ್ಲಿ ಆತನು ತೀರಿಕೊಳ್ಳುವವರೆಗೆ ಅವರ ಸ್ನೇಹವು ಕೆಡಲಿಲ್ಲ. ಈ ಅಂಧ ಸ್ತ್ರೀಯು ತನ್ನ ದುಡಿಮೆಯಿಂದ ತಾನು ಬಾಳಿದಳು. ಎಲ್ಲಿ ಇರಬೇಕು, ಯಾರ ಸೇವೆ ಮಾಡಬೇಕು ಎಂಬುದನ್ನು ತಾನೇ ನಿರ್ಣಯಿಸಿದಳು. ಹಾಗೆಂದು ಆಕೆ ಯಾರ ಸಹಾಯವನ್ನೂ ಪಡೆಯಲಿಲ್ಲವೆಂದು ನಾವು ಹೇಳಲಾರೆವು. ಬರೆದುಕೊಳ್ಳುವವರು ಇದ್ದರು, ದಾರಿ ತೋರುವವರು ಇದ್ದರು, ಕಷ್ಟದಲ್ಲಿ ಬಾಡಿಗೆಗೆ ನೆರವಾದ ಸ್ನೇಹಿತರೂ ಇದ್ದರು. ಸಹಾಯವನ್ನು ಆಕೆ ಸಂತೋಷದಿಂದ ಸ್ವೀಕರಿಸಿದಳು. ಕನಿಕರವನ್ನು ಮಾತ್ರ ಬೇಡವೆಂದಳು.

1900ರಲ್ಲಿ ಮುಪ್ಪಿನ ದೆಸೆಯಿಂದ ಆಕೆ ಬ್ರಿಡ್ಜ್‌ಪೋರ್ಟ್ ಎಂಬ ಊರಿಗೆ ಹೋಗಿ, ತನ್ನ ಮಲತಂಗಿ ಕ್ಯಾರಿಯ ಸಂಗಡ ವಾಸಮಾಡಿದಳು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಪತ್ರಗಳನ್ನು ಬರೆಸುತ್ತ, ಕರೆದ ಸಭೆಗಳಿಗೆ ಹೋಗಿ ಮಾತನಾಡುತ್ತ, 1906ರಲ್ಲಿ ತನ್ನ ಎಂಬತ್ತು ವರ್ಷಗಳ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದಳು. 1915ರ ಫೆಬ್ರವರಿ 12ರಂದು, ತೊಂಬತ್ತೈದು ತುಂಬಲು ಕೆಲವೇ ವಾರಗಳಿರುವಾಗ ಪರಲೋಕವನ್ನು ಸೇರಿದಳು. ಸಮಾಧಿಯ ಮೇಲೆ ಒಂದು ಸಣ್ಣ ಕಲ್ಲನ್ನಿಟ್ಟು, ಜನರು ಪ್ರೀತಿಯಿಂದ ಕರೆಯುತ್ತಿದ್ದಂತೆ ಫ್ಯಾನಿ ಅತ್ತೆಯೆಂಬ ಹೆಸರನ್ನೂ, ಯೇಸುವಿನ ತಲೆಗೆ ತೈಲವನ್ನು ಹೊಯ್ದ ಸ್ತ್ರೀಯ ಕುರಿತು ಸುವಾರ್ತೆಯಲ್ಲಿರುವ ಮಾತನ್ನೂ ಕೆತ್ತಿದರು. ಕೈಲಾದುದನ್ನು ಮಾಡಿದವಳೆಂಬುದು ಅದರ ಭಾವ.

ಈಗ ನಾವು ಮೊದಲು ಹೇಳಿದ ಮತ್ತೊಂದು ಕಾರಣಕ್ಕೆ ಬರುವೆವು. ಕೆಲವು ವರ್ಷಗಳ ಹಿಂದೆ ಒಬ್ಬ ತಂದೆಯು ದೃಷ್ಟಿ ಬಹು ಮಂದವಾಗಿದ್ದ ತನ್ನ ಮಗಳನ್ನು ನಮ್ಮ ಕಚೇರಿಗೆ ಕರೆತಂದರು. ಮೆಟ್ಟಲು ಹತ್ತುವುದು ಹೇಗೆ, ಹಲಗೆಯ ಮೇಲೆ ಬರೆದುದನ್ನು ಓದುವುದು ಹೇಗೆ, ಬಿದ್ದರೆ ಹೊಣೆ ಯಾರು ಎಂದು ನಾವು ಒಂದರ ಮೇಲೊಂದು ಪ್ರಶ್ನೆಯನ್ನು ಕೇಳಿದೆವು. ಅವರು ಯಾವುದಕ್ಕೂ ಉತ್ತರ ಕೊಡಲಾರದೆ, ಮಗಳ ಕೈಹಿಡಿದು ನಮಸ್ಕಾರ ಹೇಳಿ ಹೊರಟುಹೋದರು. ಆ ಹುಡುಗಿಗೆ ಏನು ಬರುವುದೆಂದು ನಾವು ಒಂದು ಮಾತನ್ನೂ ಕೇಳಲಿಲ್ಲ. ಆಕೆಯ ಹೆಸರನ್ನು ಕೂಡ ಕೇಳಲಿಲ್ಲವೆಂಬುದು ಅವರು ಗೇಟು ದಾಟಿದ ಮೇಲೆ ನಮಗೆ ಹೊಳೆಯಿತು. ಆಕೆ ಈಗ ಎಲ್ಲಿರುವಳೋ ನಾವರಿಯೆವು. ಅಜ್ಜಿ ಯೂನಿಸಳು ಶಾಲೆಗೆ ಹೋದವಳಾಗಿರಲಿ ಹೋಗದವಳಾಗಿರಲಿ, ತರಬೇತಿ ಪಡೆದ ನಮಗಿಂತ ಆಕೆಯೇ ಮೇಲಾದ ಉಪಾಧ್ಯಾಯಿನಿ.

ಆದುದರಿಂದ ಪೋಷಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಾಗಲಿ ಬೀದಿಯಲ್ಲಾಗಲಿ, ಕಣ್ಣಿನ, ಕಿವಿಯ, ಕಾಲಿನ ಊನದ ನೆವದಿಂದ ಶಾಲೆಗೆ ಬಾರದೆ ಒಳಕೋಣೆಯಲ್ಲಿ ಉಳಿದ ಹೆಣ್ಣುಮಗುವಿದ್ದರೆ, ಆಕೆಯನ್ನು ನಮ್ಮ ಬಳಿಗೆ ಕರೆದುಕೊಂಡು ಬನ್ನಿರಿ. ಇಂಥ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆಯು ಕೊಟ್ಟಿದೆ. ಪರೀಕ್ಷೆಯಲ್ಲಿ ಬರೆದುಕೊಡುವವರನ್ನೂ ಹೆಚ್ಚಿನ ವೇಳೆಯನ್ನೂ ಪಡೆಯಬಹುದು. ಬ್ರೈಲ್ ಪುಸ್ತಕಗಳೂ, ಓದಿ ಹೇಳುವ ಯಂತ್ರಗಳೂ ಬಂದಿವೆ. ಇವೆಲ್ಲವೂ ಇಲ್ಲದ ಕಾಲದಲ್ಲಿ ಫ್ಯಾನಿಗೆ ಇದ್ದುದು ಕೈಹಿಡಿದು ನಡೆಸಿದ ಅಜ್ಜಿ, ಓದಿ ಹೇಳಿದ ನೆರೆಯಾಕೆ, ಬಾಗಿಲು ತೆರೆದ ಒಂದು ಶಾಲೆ. ನೆರೆಯಾಕೆಯ ಕೆಲಸವನ್ನು ವಾರಕ್ಕೆ ಒಂದು ಗಂಟೆ ಮಾಡುವುದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗೂ ಅಸಾಧ್ಯವಲ್ಲ. ಬಾಗಿಲು ತೆರೆಯುವ ಕೆಲಸವು ನಮ್ಮದು. ಈ ಸಾರಿ ನಾವು ಮೊದಲು ಮಗುವಿನ ಹೆಸರನ್ನು ಕೇಳುವೆವು.